ಹೆರಿಗೆಗೆ ಮೊದಲೇ ತಾಯಿಯ ರಕ್ತದಿಂದ ತಂದೆಯನ್ನು ಗುರುತಿಸಿದರೆ ಅದು ಸಾಕ್ಷ್ಯವಾಗುತ್ತದೆಯೇ?

ನಿಮ್ಮ ಕಕ್ಷಿದಾರಳು ಅತ್ಯಾಚಾರದ ಸಂತ್ರಸ್ತೆ, ಹನ್ನೊಂದು ವಾರದ ಗರ್ಭಿಣಿ, ಹೊಟ್ಟೆಗೆ ಸೂಜಿ ಚುಚ್ಚಿಸಿಕೊಳ್ಳಲು ಒಪ್ಪುತ್ತಿಲ್ಲ ಎಂದು ಬರೆದಿದ್ದೀರಿ. ಚುಚ್ಚಬೇಕಾಗಿಲ್ಲ. ತೋಳಿನಿಂದ ತೆಗೆದ ರಕ್ತವೇ ಸಾಕು. ಆದರೆ ಅದನ್ನು ತೆಗೆಯುವ, ಇಡುವ, ಸಾಗಿಸುವ ರೀತಿಯಲ್ಲಿ ಎಡವಿದರೆ ಮುಂದಿನದೆಲ್ಲ ನೀರಿನಲ್ಲಿಟ್ಟ ಹೋಮ.

ನಾನು ಡಿಎನ್‌ಎ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಗರ್ಭಿಣಿಯ ರಕ್ತದಲ್ಲಿ ಭ್ರೂಣದ ಡಿಎನ್‌ಎ ತುಣುಕುಗಳು ತೇಲುತ್ತಿರುತ್ತವೆ ಎಂಬುದನ್ನು ಡೆನಿಸ್ ಲೋ ಮತ್ತು ಸಂಗಡಿಗರು 1997ರಲ್ಲಿ ತೋರಿಸಿದರು. ಭ್ರೂಣದ್ದು ಎನ್ನುವುದು ರೂಢಿ. ಹೆಚ್ಚಿನವು ಜರಾಯುವಿನ ಸಾಯುವ ಕೋಶಗಳಿಂದ ಬಂದವು. ಹತ್ತನೇ ವಾರದ ಸುಮಾರಿಗೆ, ರಕ್ತದಲ್ಲಿ ತೇಲುವ ಡಿಎನ್‌ಎಯಲ್ಲಿ ಅವುಗಳ ಪಾಲು ಸರಾಸರಿ ಶೇ. 10, ಕೆಲವರಲ್ಲಿ ತೀರಾ ಕಡಿಮೆ. ಮಿಕ್ಕಿದ್ದು ತಾಯಿಯದೇ.

ಹಾಗಾಗಿ ತಾಯಿಯಲ್ಲಿ ಇಲ್ಲದ್ದನ್ನು ಹುಡುಕುತ್ತೇವೆ. ಅವಳ ಡಿಎನ್‌ಎಯ ಎರಡೂ ಪ್ರತಿಗಳಲ್ಲಿ 'ಎ' ಎಂಬ ಅಕ್ಷರ ಇರುವ ಜಾಗದಲ್ಲಿ ನೂರಕ್ಕೆ ಐದರಷ್ಟು 'ಜಿ' ಕಂಡಿತೆನ್ನಿ. ಅದು ತಂದೆಯಿಂದ ಬಂದದ್ದು. ಆರೋಪಿಯಲ್ಲಿ ಆ 'ಜಿ' ಇದೆಯೇ? ಒಂದು ಜಾಗದಿಂದ ಏನೂ ಸಾಬೀತಾಗುವುದಿಲ್ಲ, ಯಂತ್ರವೂ ತಪ್ಪು ಓದುತ್ತದೆ. ಇಂಥ ನೂರಾರು ಜಾಗಗಳನ್ನು ನೋಡಬೇಕು. ಡಿಎನ್‌ಎಯಲ್ಲಿ ಮತ್ತೆ ಮತ್ತೆ ಬರುವ ಚಿಕ್ಕ ಅಕ್ಷರಸಾಲುಗಳನ್ನು ಎಣಿಸುವ, ಅಪರಾಧ ಪ್ರಕರಣಗಳ ವಾಡಿಕೆಯ ಎಸ್‌ಟಿಆರ್ ವಿಧಾನ ಇಲ್ಲಿ ಸೋಲುತ್ತದೆ. ಭ್ರೂಣದ ತುಣುಕುಗಳು ಸುಮಾರು 143 ಅಕ್ಷರದಷ್ಟು ಗಿಡ್ಡ, ಆ ವಿಧಾನದ ಹಲವು ಗುರುತುಗಳು ಅದಕ್ಕಿಂತ ಉದ್ದ.

ರಕ್ತದ ಕೊಳವೆಯನ್ನು ಯಂತ್ರದಲ್ಲಿಟ್ಟು ವೇಗವಾಗಿ ತಿರುಗಿಸಿದಾಗ ಮೇಲೆ ಆ ತುಣುಕುಗಳಿರುವ ಹಳದಿ ದ್ರವ ಪ್ಲಾಸ್ಮಾ, ಕೆಳಗೆ ಕೆಂಪು, ನಡುವೆ ಹಾಲಿನ ಕೆನೆಯಂಥ ತೆಳುವಾದ ಬಿಳಿ ಪದರ ನಿಲ್ಲುತ್ತದೆ. ಆ ಪದರದಲ್ಲಿ ತಾಯಿಯ ಬಿಳಿ ರಕ್ತಕಣಗಳಿವೆ. ಪ್ಲಾಸ್ಮಾ ಹೀರುವ ಪಿಪೆಟ್ಟಿನ ತುದಿ ಅದಕ್ಕೆ ತಾಗಿದರೆ ತಾಯಿಯ ಡಿಎನ್‌ಎ ನುಗ್ಗಿ ಮಗುವಿನ ಪಾಲನ್ನು ಮುಳುಗಿಸುತ್ತದೆ. ನಾನು ಈಗಲೂ ಆಸೆಪಡದೆ ಅರ್ಧ ಬೆರಳು ಪ್ಲಾಸ್ಮಾವನ್ನು ಕೆಳಗೇ ಬಿಡುತ್ತೇನೆ. ಮಾಮೂಲಿ ಕೊಳವೆಯಲ್ಲಿ ಎರಡು ದಿನ ಬಿಸಿಲಲ್ಲಿ ಅಲೆದು ಬಂದ ರಕ್ತದಲ್ಲಿ ಆ ಕಣಗಳು ತಾವಾಗಿಯೇ ಒಡೆದಿರುತ್ತವೆ. ಕಣಗಳನ್ನು ಕಾಪಾಡುವ ವಿಶೇಷ ಕೊಳವೆಯನ್ನೇ ಕೇಳಿ.

ಸಹಿ, ಮೊಹರು, ಯಾರ ಕೈಯಿಂದ ಯಾರ ಕೈಗೆ ಎಂಬ ದಾಖಲೆ ನಿಮಗೆ ಗೊತ್ತಿದ್ದದ್ದೇ. ಮನೆಯಲ್ಲಿ ತಾವೇ ಕೆನ್ನೆಯೊಳಗೆ ಒರೆಸಿ ಕಳಿಸಿದ ಮಾದರಿಯ ವರದಿಯನ್ನಂತೂ ನೆಚ್ಚಬೇಡಿ. ಒರೆಸಿದ್ದು ಯಾರ ಕೆನ್ನೆಯನ್ನೋ ಯಾರು ಬಲ್ಲರು.

ವರದಿಯಲ್ಲಿ ಇವನೇ ತಂದೆ ಎಂಬ ಸಂಭವ ಶೇ. 99.99 ಎಂದು ಕಂಡರೆ, ಯಾರೊಂದಿಗೆ ಹೋಲಿಸಿ ಎಂದು ಕೇಳಿ. ಸಾಮಾನ್ಯವಾಗಿ ಅದು ಸಂಬಂಧವಿಲ್ಲದ ಯಾರೋ ಒಬ್ಬ ಗಂಡಸಿಗೆ ಹೋಲಿಸಿದ ಲೆಕ್ಕ. ಒಡಹುಟ್ಟಿದವರ ಡಿಎನ್‌ಎ ಹೆಚ್ಚು ಹೋಲುತ್ತದೆ, ಹಾಗಾಗಿ ಆರೋಪಿಯ ಅಣ್ಣನ ಮೇಲೂ ಅನುಮಾನವಿದ್ದರೆ ಅವನ ಮಾದರಿಯನ್ನೂ ಈಗಲೇ ತೆಗೆಸಿ.