ಮುಂಬೈನಲ್ಲಿ ಮ್ಯೂಸಿಕಲ್ ನೋಡೋಕೆ ಹೋಗ್ತಿದೀವಿ, ಸೆಕ್ಯೂರಿಟಿ ಲೈನ್‌ಗೆ ಅಂತ ಎಷ್ಟು ಮುಂಚೆ ಹೋಗ್ಬೇಕು?

ಶಿವಮೊಗ್ಗದಿಂದ ಅಮ್ಮ, ಹೆಂಡ್ತಿ, ಮಗಳನ್ನ ಕರ್ಕೊಂಡು ಬರ್ತಿದೀರ, ಡೊಂಬಿವಲಿಲಿ ಚಿಕ್ಕಪ್ಪನ ಮನೇಲಿ ಉಳ್ಕೊಂಡು ಬಿಕೆಸಿಲಿರೋ (ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್) ಎನ್‌ಎಂಎಸಿಸಿಯಲ್ಲಿ, ಅಂದ್ರೆ ನೀತಾ ಮುಕೇಶ್ ಅಂಬಾನಿ ಕಲ್ಚರಲ್ ಸೆಂಟರಲ್ಲಿ, ಶುಕ್ರವಾರ ಸಂಜೆ 7:30ಕ್ಕೆ ಮ್ಯೂಸಿಕಲ್ (ಹಾಡು ಕುಣಿತದ ನಾಟಕ) ಶೋ, ಅಮ್ಮನಿಗೆ ಮಂಡಿ ಆಪರೇಷನ್ ಆಗಿದೆ, ಯಾರೋ ಏರ್‌ಪೋರ್ಟ್ ತರ ಚೆಕಿಂಗ್ ಅಂತ ಹೆದರಿಸಿದಾರೆ, ಇಷ್ಟು ತಾನೆ ನಿಮ್ಮ ಸಮಸ್ಯೆ? 6:30ಕ್ಕೆ ಗೇಟ್ ಹತ್ರ ಇರಿ. ಮತ್ತೆ ಟೈಮ್ ಲೆಕ್ಕ ಹಾಕೋವಾಗ ನಿಮ್ಮ ಲೈನ್ ನೋಡಿ ಹಾಕ್ಬೇಡಿ, ಅಮ್ಮ ಮತ್ತು ಹೆಂಡ್ತಿ ನಿಲ್ಲೋ ಲೈನ್ ನೋಡಿ ಹಾಕಿ. ಇಲ್ಲಿ ಅರ್ಧ ಜನ ಗಂಡಸರು ಈ ಒಂದು ವಿಷಯ ಯೋಚನೆ ಮಾಡೋದೇ ಇಲ್ಲ.

ಯಾಕೆ ಅಂತ ಹೇಳ್ತೀನಿ. ಅಲ್ಲಿನ ದೊಡ್ಡ ಥಿಯೇಟರ್, ಗ್ರ್ಯಾಂಡ್ ಥಿಯೇಟರ್ ಅಂತಾರಲ್ಲ, ಅದರಲ್ಲಿ 2,000 ಸೀಟು. ಹೌಸ್‌ಫುಲ್ ಶೋ ಆಗಿ ಎಲ್ರೂ ಕೊನೇ ಅರ್ಧ ಗಂಟೇಲೇ ಬಂದ್ರು ಅಂತ ಇಟ್ಕೊಳ್ಳಿ, ಅರ್ಧ ಗಂಟೆ ಅಂದ್ರೆ 1,800 ಸೆಕೆಂಡು, ಅಂದ್ರೆ ಸೆಕೆಂಡಿಗೆ ಒಬ್ಬರಿಗಿಂತ ಜಾಸ್ತಿ ಒಳಗೆ ಹೋಗ್ಬೇಕು, ಯಾವ ಗೇಟು ಎಷ್ಟು ಚೆನ್ನಾಗಿದ್ರೂ ಇದು ಆಗೋ ಹೋಗೋ ಮಾತಲ್ಲ. ಒಬ್ಬರ ಮೈಮೇಲೆ ಆ ಕೈ ಮೆಷಿನ್ ಆಡಿಸೋಕೇ ಒಂದಷ್ಟು ಸೆಕೆಂಡು ಬೇಕು, ಬ್ಯಾಗ್ ಜಿಪ್ ತೆಗಿ, ಟಾರ್ಚ್ ಬಿಡು, ಮುಚ್ಚು ಅಂದ್ರೆ ಇನ್ನೂ ಜಾಸ್ತಿ. ಸಿನಿಮಾ ಆದ್ರೆ ಜಾಹೀರಾತು ಟ್ರೇಲರ್ ಅಂತ ಹತ್ತಿಪ್ಪತ್ತು ನಿಮಿಷ ಎಳೀತಾರೆ, ಜನ ನಿಧಾನಕ್ಕೆ ಪಾಪ್‌ಕಾರ್ನ್ ಹಿಡ್ಕೊಂಡು ಬರ್ತಾರೆ. ನಾಟಕದಲ್ಲಿ ಹಾಗಿಲ್ವಲ್ಲ, ಪರದೆ ಏಳೋ ಟೈಮ್ ಒಂದೇ, ಹಾಗಾಗಿ ಜನಾನೂ ಒಟ್ಟಿಗೇ ಬಂದು ಬೀಳ್ತಾರೆ. ಲೈನ್ ಉದ್ದ ಆಗೋದು ಚೆಕಿಂಗ್ ಸ್ಟ್ರಿಕ್ಟ್ ಅಂತಲ್ಲ, ಎಲ್ರೂ 7:05ಕ್ಕೆ ಬರೋದ್ರಿಂದ.

ಈಗ ಹೆಂಗಸರ ಲೈನ್ ವಿಷಯ. ಗಂಡಸರದ್ದು ಏನಿರತ್ತೆ, ಪರ್ಸು, ಫೋನು, ಬೀಗದ ಕೈ, ಟ್ರೇಲಿ ಹಾಕಿದ್ರು, ಕೈ ಎತ್ತಿದ್ರು, ಹೋದ್ರು. ಹೆಂಗಸರನ್ನ ಹೆಂಗಸರೇ ಚೆಕ್ ಮಾಡ್ಬೇಕು, ಅದು ಸರೀನೇ, ಆದ್ರೆ ಈ ಊರಿನ ಎಷ್ಟೋ ಹಾಲ್‌ಗಳಲ್ಲಿ ಗಂಡಸರಿಗೆ ಮೂರು ಜನ ಇದ್ರೆ ಹೆಂಗಸರಿಗೆ ಒಬ್ಬಳೇ ಇರ್ತಾಳೆ, ಅದೂ ಪರದೆ ಕಟ್ಟಿದ ಒಂದು ಸಣ್ಣ ಗೂಡಲ್ಲಿ. ಪ್ರತಿಯೊಬ್ಬರ ಕೈಲೂ ಬ್ಯಾಗು, ಆ ಬ್ಯಾಗೊಳಗೆ ಇನ್ನೊಂದು ಪೌಚು, ಸೀರೆ ಪಿನ್ನು, ಬಳೆ, ತಾಳಿ, ಕ್ಲಿಪ್ಪು, ಎಲ್ಲಾ ಕಡೆ ಮೆಷಿನ್ ಕೀಂಯ್ ಅನ್ನತ್ತೆ, ಅವಳು ಏನು ಮಾಡ್ತಾಳೆ ಪಾಪ. ಒಂದು ಹಾಲ್‌ನಲ್ಲಿ, ಹೆಸರು ಬೇಡ ಬಿಡಿ, ನಾನು ಆ ಕಡೆ ದಾಟಿ ನಿಂತು ನಮ್ಮನೆಯವಳಿಗೆ ಕಾದಿದ್ದೇ ಕಾದಿದ್ದು, ಗಂಡಸರೆಲ್ಲ ಆ ಕಡೆ ಸಾಲಾಗಿ ನಿಂತು ವಾಚ್ ನೋಡ್ಕೊಳ್ತಾ ಇದ್ರು, ಹೆಂಗಸರ ಲೈನ್ ಅಂಗಳ ದಾಟಿ ಪಾರ್ಕಿಂಗ್ ಮುಟ್ಟಿತ್ತು. ಮ್ಯಾನೇಜರ್‌ಗೆ ಹೇಳಿದ್ರೆ "ಸರ್, ಲೇಡಿ ಸ್ಟಾಫ್ ರಜಾ" ಅಂದ. ಎರಡನೇ ಬೆಲ್ ಆದ್ಮೇಲೆ ಯಾರೋ ಬಂದು ಸುಮ್ನೆ ಎಲ್ರನ್ನೂ ಒಳಗೆ ಬಿಡಿ ಅಂದ್ರು, ಅಷ್ಟು ಹೊತ್ತು ಮಾಡಿದ ಚೆಕಿಂಗ್‌ಗೆ ಆಮೇಲೆ ಏನು ಅರ್ಥ ಹೇಳಿ.

ಇನ್ನೊಂದು ಕಿರಿಕಿರಿ ಇದರಲ್ಲೇ ಹುಟ್ಟೋದು: ನಾಲ್ಕೂ ಟಿಕೆಟ್ ನಿಮ್ಮ ಒಂದೇ ಫೋನಲ್ಲಿರತ್ತೆ, ನೀವು ಲೈನ್ ದಾಟಿ ಆ ಕಡೆ, ಹೆಂಡ್ತಿ ಈ ಕಡೆ, ಗಾರ್ಡ್ ಟಿಕೆಟ್ ತೋರ್ಸಿ ಅಂದ್ರೆ ನಿಮ್ಮನ್ನ ಹುಡುಕ್ತಾ ನಿಂತಿರ್ತಾರೆ, ಕೂಗಿದ್ರೂ ಕೇಳ್ಸಲ್ಲ. ಹಿಂದಿನ ದಿನವೇ ಅವರ ಟಿಕೆಟ್ ಅವರ ಫೋನಿಗೆ ಕಳಿಸಿ, ಕ್ಯೂಆರ್ ಪೂರ್ತಿ ಕಾಣೋ ಹಾಗೆ ತೆಗೆದಿಡೋಕೆ ಹೇಳಿ, ಬ್ರೈಟ್‌ನೆಸ್ ಜಾಸ್ತಿ ಮಾಡಿರ್ಲಿ. ಕೆಲವು ಶೋಗೆ ಸ್ಕ್ರೀನ್‌ಶಾಟ್ ನಡೆಯಲ್ಲ, ಆ್ಯಪ್‌ನಲ್ಲೇ ತೋರಿಸ್ಬೇಕು ಅಂತ ಬರ್ದಿರತ್ತೆ, ಅದನ್ನ ಮೊದ್ಲೇ ಓದ್ಕೊಳ್ಳಿ. ಮಗಳಿಗೆ ವಯಸ್ಸಿನ ಮಿತಿ ಏನಾದ್ರೂ ಇದೆಯಾ ಅಂತಾನೂ ಅಲ್ಲೇ ಬರ್ದಿರತ್ತೆ.

ಅಮ್ಮನ ಮಂಡಿ ಬಗ್ಗೆ ಹೆದರ್ಕೋಬೇಡಿ. ನಮ್ಮ ಅತ್ತೆಗೂ ಎರಡೂ ಮಂಡಿ ಬದಲಾಯ್ಸಿದಾರೆ, ಮುಂಬೈನಲ್ಲಿ ಮಾಲ್, ಮೆಟ್ರೋ, ದೇವಸ್ಥಾನ ಎಲ್ಲಿ ಹೋದ್ರೂ ಗೇಟು ಕೂಗತ್ತೆ. ಆ ಬಾಗಿಲ ತರ ಇರೋ ಗೇಟಿನ ಎರಡೂ ಕಂಬದೊಳಗೆ ತಂತಿ ಸುರುಳಿ ಇರತ್ತೆ, ಅದು ಬಿಟ್ಟು ಬಿಟ್ಟು ಕಾಂತಕ್ಷೇತ್ರ ಹುಟ್ಟಿಸ್ತಾ ಇರತ್ತೆ, ಮಧ್ಯೆ ಲೋಹ ಬಂದ್ರೆ ಆ ಲೋಹದಲ್ಲಿ ಚಿಕ್ಕ ಕರೆಂಟ್ ಹರಿಯತ್ತೆ, ಅದನ್ನ ಆ ಸುರುಳಿ ಹಿಡಿದು ಬೀಪ್ ಮಾಡತ್ತೆ. ಈಗಿನ ಗೇಟುಗಳಲ್ಲಿ ಲೋಹ ಯಾವ ಎತ್ತರದಲ್ಲಿದೆಯೋ ಆ ಎತ್ತರದಲ್ಲೇ ಕೆಂಪು ಲೈಟ್ ಹತ್ತೋದು. ಮಂಡಿ ಹತ್ರ ಎರಡೂ ಕಡೆ ಕೆಂಪು ಹತ್ತಿದ್ರೆ ಗಾರ್ಡ್‌ಗೇ ಗೊತ್ತಾಗತ್ತೆ. ಹೋದ್ಸಲ ಒಬ್ಬ ಹುಡುಗಿ ಮೆಷಿನ್ ಹಿಡಿದು ಬಗ್ಗಿ "ಆಜೀ, ಗುಡಘ್ಯಾಚಂ ಆಪರೇಶನ್ ಝಾಲಂಯ ಕಾ?" (ಅಜ್ಜೀ, ಮಂಡಿ ಆಪರೇಷನ್ ಆಗಿದೆಯಾ?) ಅಂದ್ಲು, ನಮ್ಮತ್ತೆ ಹೂಂ ಅಂತ ಸೀರೆ ನೆರಿಗೆ ಒಂಚೂರು ಎತ್ತಿ ಹೊಲಿಗೆ ಗುರುತು ತೋರಿಸೋಕೆ ಹೊರಟ್ರು, ಅವಳು ನಕ್ಕು "ರಾಹೂ ದ್ಯಾ ಆಜೀ" ಅಂತ ತಡೆದ್ಲು, ಆಮೇಲೆ ಯಾವ ಡಾಕ್ಟ್ರು, ಖರ್ಚೆಷ್ಟು, ಮೆಟ್ಟಿಲು ಹತ್ತೋಕಾಗತ್ತಾ ಅಂತ ವಿಚಾರಣೆ ಶುರು, ಅವಳಮ್ಮನಿಗೂ ಮಾಡಿಸ್ಬೇಕಂತೆ. ಹಿಂದಿದ್ದ ಲೈನ್ ಗೊಣಗಾಡ್ತು, ಇವರಿಬ್ರಿಗೆ ಅದರ ಪರಿವೇ ಇಲ್ಲ!

ಹಾಗಾಗಿ ಅಮ್ಮ ಗೇಟ್ ದಾಟೋಕೆ ಮುಂಚೆನೇ ಮಂಡಿ ಮುಟ್ಟಿ ತೋರ್ಸಿ "ಆಪರೇಶನ್" ಅಂದ್ರೆ ಸಾಕು, ಭಾಷೆ ಬರ್ಬೇಕಂತಿಲ್ಲ. ಪೇಸ್‌ಮೇಕರ್ ಇರೋ ಹಿರಿಯರು ಯಾರಾದ್ರೂ ಜೊತೆಗಿದ್ರೆ ಮಾತ್ರ ಸ್ವಲ್ಪ ಜೋಪಾನ, ಗೇಟ್ ಮಧ್ಯೆ ನಿಲ್ದೆ ಮಾಮೂಲಿ ನಡಿಗೇಲಿ ದಾಟ್ಬೇಕು, ಕೈ ಮೆಷಿನ್ ಎದೆ ಮೇಲೆ ಹಿಡೀಬೇಡಿ ಅಂತ ಹೇಳಿ ಕಾರ್ಡ್ ತೋರಿಸ್ಬೇಕು. ಅಮ್ಮನಿಗೆ ನಿಲ್ಲೋದು ಕಷ್ಟ ಅಂದ್ರೆ ಮುಜುಗರ ಪಡ್ಕೋಬೇಡಿ, ಹಿಂದಿನ ದಿನ ಫೋನ್ ಮಾಡಿ ವೀಲ್‌ಚೇರ್ ಕೇಳಿ, ಅಥವಾ ಗೇಟಲ್ಲೇ ಗಾರ್ಡ್‌ಗೆ ಹೇಳಿ. ವಯಸ್ಸಾದವರನ್ನ ಲೈನಲ್ಲಿ ಮುಂದೆ ಬಿಡೋದಕ್ಕೆ ಈ ಊರಲ್ಲಿ ಯಾರೂ ತಕರಾರು ಮಾಡಲ್ಲ, ಲೋಕಲ್ ಟ್ರೈನಲ್ಲಿ ತಳ್ಳೋ ಜನಾನೇ ಇಲ್ಲಿ "ಆಜಿ, ಪುಢೆ ಯಾ" ಅಂತಾರೆ.

ಬ್ಯಾಗ್ ತರ್ಬೇಡಿ. ನಿಜವಾಗ್ಲೂ. ತಂದ್ರೆ ಒಂದೇ, ಚಿಕ್ಕದು. ಹೊರಗಿನ ತಿಂಡಿ ಒಳಗೆ ಬಿಡಲ್ಲ, ನಿಮ್ಮ ಚಿಕ್ಕಮ್ಮ ಪ್ರೀತಿಯಿಂದ ಚಕ್ಕುಲಿ ಕೋಡುಬಳೆ ಕಟ್ಕೊಟ್ರೆ ಮನೇಲೇ ತಿಂದು ಬನ್ನಿ. ಲೈಟರ್, ಕಡ್ಡಿಪೆಟ್ಟಿಗೆ, ಗುಟ್ಕಾ, ಚಾಕು ಕತ್ತರಿ, ದೊಡ್ಡ ಕ್ಯಾಮೆರಾ ಇವೆಲ್ಲ ಎಲ್ಲಿ ಹೋದ್ರೂ ಸಿಕ್ಕಿಹಾಕ್ಕೊಳ್ತವೆ. ಒಂದು ಕಡೆ ಗುಜರಾತಿ ಆಂಟಿ ಒಬ್ರಿಗೆ ಸ್ಟೀಲ್ ಡಬ್ಬೀಲಿರೋ ತಿಂಡಿ ಬಿಡಲ್ಲ ಅಂದ್ರು, ಬಿಸಾಕಿ ಅಂದಿದ್ದಕ್ಕೆ ಅವರಿಗೆ ಬಂತು ನೋಡಿ ಸಿಟ್ಟು, ಅಲ್ಲೇ ಲೈನಲ್ಲಿ ಮುಚ್ಚಳ ತೆಗೆದು ಹಿಂದೆ ಮುಂದೆ ಇದ್ದ ನಮಗೆಲ್ಲ ಥೇಪ್ಲಾ (ಮೆಂತ್ಯ ರೊಟ್ಟಿ) ಹಂಚಿ, ಕೊನೇದನ್ನ ಸುತ್ತಿ ಆ ಗಾರ್ಡ್ ಕೈಗೇ ಕೊಟ್ಟು, ಖಾಲಿ ಡಬ್ಬಿ ಹಿಡ್ಕೊಂಡು ಒಳಗೆ ಹೋದ್ರು. ಅಮ್ಮನ ಮಾತ್ರೆ ಇದ್ರೆ ಚೀಟಿ ಜೊತೆ ಇಟ್ಕೊಳ್ಳಿ. ಮಳೆಗಾಲದಲ್ಲಿ ಬರ್ತಿದ್ರೆ ಮಡಚೋ ಛತ್ರಿ ತನ್ನಿ, ಉದ್ದದ್ದನ್ನ ಬಾಗಿಲಲ್ಲೇ ಇಡಿ ಅಂತಾರೆ, ವಾಪಸ್ ಬರೋವಾಗ ನೂರು ಕಪ್ಪು ಛತ್ರಿ ಮಧ್ಯೆ ನಿಮ್ಮದು ಹುಡುಕೋ ಕೆಲಸ.

ಈ ಚೆಕಿಂಗೆಲ್ಲ ಮುಂಬೈನಲ್ಲಿ ಇಷ್ಟು ಮಾಮೂಲಿ ಆಗಿದ್ದು 2008ರ ನವೆಂಬರ್ 26ರ ದಾಳಿ ಆದ್ಮೇಲೆ. ನರಿಮನ್ ಪಾಯಿಂಟ್‌ನಲ್ಲಿ ಎನ್‌ಸಿಪಿಎ ಅನ್ನೋ ನಾಟಕ ಸಂಗೀತದ ಕೇಂದ್ರ ಇದೆಯಲ್ಲ, ಆವತ್ತು ದಾಳಿ ಆದ ಟ್ರೈಡೆಂಟ್ ಒಬೆರಾಯ್ ಹೋಟೆಲ್ ಅಲ್ಲೇ ಹತ್ರದಲ್ಲಿರೋದು. ಉಪಯೋಗ ಇದೆಯಾ ಅಂತ ಕೇಳಿದ್ರೆ, ಇದೆ ಅಂತಾನೇ ಹೇಳ್ತೀನಿ, 2002ರ ಅಕ್ಟೋಬರ್‌ನಲ್ಲಿ ಮಾಸ್ಕೋದಲ್ಲಿ ಮ್ಯೂಸಿಕಲ್ ನಡೀತಿರೋವಾಗಲೇ ಉಗ್ರರು ಬಂದೂಕು ಹಿಡಿದು ಒಳಗೆ ನುಗ್ಗಿ ಇಡೀ ಥಿಯೇಟರನ್ನ ಒತ್ತೆ ಇಟ್ಕೊಂಡಿದ್ರು. ಆದ್ರೆ ಬಾಗಿಲ ಹೊರಗೆ ಐನೂರು ಜನರನ್ನ ಒತ್ತೊತ್ತಾಗಿ ನಿಲ್ಲಿಸೋದು ಯಾವ ಸೇಫ್ಟಿ ಅಂತ ನನಗೆ ಅರ್ಥ ಆಗಲ್ಲ. 2017ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಬಾಂಬ್ ಸಿಡಿದಿದ್ದು ಹಾಲ್ ಒಳಗಲ್ಲ, ಸಂಗೀತ ಕಾರ್ಯಕ್ರಮ ಮುಗಿಸಿ ಜನ ಹೊರಗೆ ಬರೋ ಜಾಗದಲ್ಲಿ, 22 ಜನ ಸತ್ರು. ಗೇಟು ಜಾಸ್ತಿ ಮಾಡಿ, ಗೇಟ್ ಬೇಗ ತೆಗೆದು, ಜನಾನ ಹರಡಿ ಬಿಡೋದು ನಿಜವಾದ ಸೆಕ್ಯೂರಿಟಿ, ಜೇಬು ತಟ್ಟೋದು ಆಮೇಲಿನದು. ಮತ್ತೆ ಒಳಗೆ ಕೂತ್ಮೇಲೆ ಹತ್ತಿರದ ಎಕ್ಸಿಟ್ ಯಾವುದು ಅಂತ ನೋಡ್ಕೊಳ್ಳಿ, ಅಮ್ಮ ನಿಧಾನಕ್ಕೆ ನಡೀತಾರೆ ಅಂತ ಹೇಳ್ತಿದೀನಿ. ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರಲ್ಲಿ ಬೆಂಕಿ ಬಿದ್ದಾಗ 59 ಜನ ಸತ್ತಿದ್ದು ಹೊರಗೆ ಬರೋ ದಾರಿ ಸಿಗದೇ.

ಲೇಟ್ ಆದ್ರೆ ಏನಾಗತ್ತೆ ಅಂತಾನೂ ಕೇಳಿದೀರ. ದೊಡ್ಡ ಮ್ಯೂಸಿಕಲ್‌ಗಳಲ್ಲಿ ಸಾಮಾನ್ಯವಾಗಿ ಯಾವುದೋ ಒಂದು ಸೀನ್ ಮುಗಿಯೋವರೆಗೆ ಹೊರಗೆ ನಿಲ್ಲಿಸಿ ಆಮೇಲೆ ಕತ್ತಲೇಲಿ ಟಾರ್ಚ್ ಬಿಟ್ಟು ಕೂರಿಸ್ತಾರೆ, ಮಂಡಿ ನೋವಿರೋ ಅಮ್ಮನ್ನ ಕತ್ತಲೇಲಿ ಮೆಟ್ಟಿಲು ಇಳಿಸೋದು ಬೇಡವೇ ಬೇಡ. ಜುಹುನಲ್ಲಿರೋ ಪೃಥ್ವಿ ಥಿಯೇಟರಲ್ಲಿ ಅದೂ ಇಲ್ಲ, 1978ರಿಂದ ನಡೀತಿರೋ ಪುಟ್ಟ ಜಾಗ, ಇನ್ನೂರು ಚಿಲ್ಲರೆ ಸೀಟು, ಮೂರು ಕಡೆ ಪ್ರೇಕ್ಷಕರು, ಮೂರನೇ ಬೆಲ್ ಆಗಿ ಬಾಗಿಲು ಹಾಕಿದ್ರೆ ಮುಗೀತು, ನೀವು ಯಾರೇ ಆಗಿರಿ. ಅಲ್ಲಿ ಲೈನ್ ಇರೋದು ಚೆಕಿಂಗ್‌ಗಿಂತ ಹೆಚ್ಚಾಗಿ ಒಳ್ಳೇ ಸೀಟಿಗೆ. ದಾದರ್‌ನ ಶಿವಾಜಿ ಮಂದಿರದಲ್ಲಿ ಮರಾಠಿ ನಾಟಕಕ್ಕೆ ಹೋದ್ರೆ ಬೇರೇನೇ ಲೋಕ, ಇಂಟರ್ವಲ್‌ನಲ್ಲಿ ವಡಾದ ಲೈನ್ ನೋಡ್ಬೇಕು ನೀವು. ಇನ್ನು ನಮ್ಮ ಮಾಟುಂಗಾದ ಮೈಸೂರು ಅಸೋಸಿಯೇಷನ್‌ಗೆ ಕನ್ನಡ ನಾಟಕ ಅಂತ ಹೋದ್ರೆ, 1926ರ ಸಂಸ್ಥೆ ಅದು, ಬಾಗಿಲಲ್ಲಿ ನಿಂತ ಹಿರಿಯರು ಬ್ಯಾಗ್ ನೋಡಲ್ಲ, ಮುಖ ನೋಡ್ತಾರೆ, "ಯಾವೂರಾಯ್ತು?" ಅನ್ನೋದೇ ಅಲ್ಲಿನ ಮೆಟಲ್ ಡಿಟೆಕ್ಟರ್. ನಿಮಗೆ ಬಿಡುವಿದ್ರೆ ಅಲ್ಲಿಗೂ ಒಂದ್ಸಲ ಹೋಗಿ.

ಹಾಂ, ಎಲ್ಲಕ್ಕಿಂತ ದೊಡ್ಡ ಲೈನ್ ರಸ್ತೇಲಿದೆ, ಅದನ್ನ ಮರೀಬೇಡಿ. ನಾನು ಬಿಕೆಸಿಲೇ ಕೆಲಸ ಮಾಡೋದು, ಶುಕ್ರವಾರ ಸಂಜೆ 6ರ ಮೇಲೆ ಎಲ್ಲಾ ಆಫೀಸೂ ಒಟ್ಟಿಗೆ ಬಿಡತ್ತೆ, ಕಾರು ಇಂಚಿಂಚು ಸರಿಯತ್ತೆ. ಡೊಂಬಿವಲಿಯಿಂದ ಕ್ಯಾಬ್ ಮಾಡ್ತೀನಿ ಅಂತ ಹೊರಟ್ರೆ ಯಾವಾಗ ತಲುಪ್ತೀರ ಅಂತ ನಾನು ಹೇಳೋಕಾಗಲ್ಲ. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಲೋಕಲ್ ಹಿಡಿದ್ರೆ ಕುರ್ಲಾ ಕಡೆ ಬರೋ ಗಾಡೀಲಿ ರಶ್ ಕಮ್ಮಿ, ಅಮ್ಮನಿಗೆ ಸೀಟೂ ಸಿಗತ್ತೆ, ಕುರ್ಲಾ ವೆಸ್ಟಲ್ಲಿ ಇಳಿದು ಆಟೋ. ಬೇರೆ ಕಡೆಯಿಂದ ಬರೋರಿಗೆ ಈಗ ಅಂಡರ್‌ಗ್ರೌಂಡ್ ಮೆಟ್ರೋ ಇದೆ, ಆರೆಯಿಂದ ಕಫ್ ಪರೇಡ್‌ವರೆಗೆ ಪೂರ್ತಿ 2025ರ ಅಕ್ಟೋಬರ್‌ನಿಂದ ಓಡ್ತಿದೆ, ಬಿಕೆಸಿಗೇ ಸ್ಟೇಷನ್, ಅಲ್ಲೂ ಬ್ಯಾಗ್ ಸ್ಕ್ಯಾನ್ ಇರತ್ತೆ, ಬ್ಯಾಗ್ ಬೇಡ ಅಂದಿದ್ದು ಅದಕ್ಕೂ ಸೇರಿಸಿ. ಐದೂವರೆಗೇ ಬಂದುಬಿಟ್ರೂ ಪರವಾಗಿಲ್ಲ, ಪಕ್ಕದಲ್ಲೇ ಮಾಲ್ ಇದೆ, ಎಸಿಲಿ ಕೂತು ಅಮ್ಮನಿಗೆ ಒಂದು ಕಾಫಿ ಕೊಡ್ಸಿ, ರೇಟ್ ನೋಡಿ ಬೈತಾರೆ, ಬೈಸ್ಕೊಳ್ಳಿ. ಟಿಕೆಟ್‌ನಲ್ಲಿ ಗೇಟ್ ಅಥವಾ ಲೆವೆಲ್ ಯಾವುದು ಅಂತ ಬರ್ದಿದ್ರೆ ಆಗಲೇ ನೋಡಿಟ್ಕೊಳ್ಳಿ, ಕ್ಯಾಂಪಸ್ ದೊಡ್ಡದು, ತಪ್ಪು ಬಾಗಿಲಿಗೆ ಹೋದ್ರೆ ಅಮ್ಮನಿಗೆ ಸುಮ್ನೆ ನಡಿಗೆ.

ವಾಪಸ್ ಹೋಗೋವಾಗ ಮಾತ್ರ ಎರಡು ಸಾವಿರ ಜನ ಒಟ್ಟಿಗೆ ಕ್ಯಾಬ್ ಬುಕ್ ಮಾಡ್ತಾರೆ, ರೇಟ್ ಡಬಲ್ ಆಗಿರತ್ತೆ. ಚಪ್ಪಾಳೆ ಎಲ್ಲ ಮುಗಿಸಿ, ಲಾಬೀಲಿ ಕಾಲು ಗಂಟೆ ಕೂತು, ಮಗಳ ಫೋಟೋ ಗೀಟೋ ತೆಗೆದು ಆಮೇಲೆ ಬುಕ್ ಮಾಡಿ. ಕುರ್ಲಾದಿಂದ ಡೊಂಬಿವಲಿಗೆ ರಾತ್ರಿ ಹನ್ನೆರಡರವರೆಗೂ ಗಾಡಿ ಇರತ್ತೆ, ಗಡಿಬಿಡಿ ಬೇಡ.