ಇಂಗಾಲ ತೆರಿಗೆಯಿಂದ, ಅಂದರೆ ಇಂಧನ ಸುಟ್ಟಾಗ ಹೊರಬೀಳುವ ಇಂಗಾಲದ ಡೈಆಕ್ಸೈಡಿನ ಮೇಲಿನ ತೆರಿಗೆಯಿಂದ, ಮಾಲಿನ್ಯ ನಿಜಕ್ಕೂ ತಗ್ಗುತ್ತದೆಯೇ? ಬಡವರಿಗೆ ಅದು ಹೊರೆಯಲ್ಲವೇ?

ತಗ್ಗುತ್ತದೆ. ಹೊರೆಯಾಗುವುದೂ ಬಿಡುವುದೂ ಸಂಗ್ರಹವಾದ ಹಣ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಅವಲಂಬಿಸಿದೆ.

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ 2008ರ ಜುಲೈನಲ್ಲಿ ಟನ್ ಇಂಗಾಲದ ಡೈಆಕ್ಸೈಡಿಗೆ 10 ಕೆನಡಾ ಡಾಲರ್ ತೆರಿಗೆ ಹಾಕಿ, 2012ರ ಹೊತ್ತಿಗೆ 30ಕ್ಕೆ ಏರಿಸಿತು. ತೆರಿಗೆ ಇಲ್ಲದಿದ್ದರೆ ಆಗುತ್ತಿದ್ದುದಕ್ಕಿಂತ ಹೊರಸೂಸುವಿಕೆ ಶೇ. 5ರಿಂದ 15ರಷ್ಟು ಕಡಿಮೆಯಾಯಿತೆಂದು ಅಧ್ಯಯನಗಳು ಅಂದಾಜಿಸಿವೆ. ಬಂದ ಹಣವನ್ನು ಆದಾಯ ತೆರಿಗೆ ಕಡಿತದ ಮೂಲಕವೂ ಕಡಿಮೆ ಆದಾಯದವರಿಗೆ ನೆರವಾಗಿಯೂ ಮರಳಿಸಲಾಯಿತು. ಈ ಮರಳಿಸುವಿಕೆಯೇ ಮುಖ್ಯ. ಸಿರಿವಂತರು ಹೆಚ್ಚು ಇಂಧನ ಸುಡುತ್ತಾರೆ, ನಿಜ. ಆದರೆ ಶ್ರೀಮಂತ ದೇಶಗಳಲ್ಲಿ ಆದಾಯಕ್ಕೆ ಹೋಲಿಸಿದರೆ ಬಡವರ ಇಂಧನ ಖರ್ಚೇ ದೊಡ್ಡದು. ತಲೆಗೆ ಇಷ್ಟೆಂದು ಸಮನಾಗಿ ಹಂಚಿದರೆ ಬಹುತೇಕ ಬಡ ಕುಟುಂಬಗಳು ಕಟ್ಟಿದ್ದಕ್ಕಿಂತ ಹೆಚ್ಚು ಪಡೆಯುತ್ತವೆ.

ಫ್ರಾನ್ಸ್ ತನ್ನ ಇಂಗಾಲ ತೆರಿಗೆಯ ಹಣವನ್ನು ಹಾಗೆ ಹಂಚಲಿಲ್ಲ. 2018ರ ನವೆಂಬರಿನಲ್ಲಿ, ಕಾರಿಲ್ಲದೆ ಕೆಲಸಕ್ಕೆ ಹೋಗಲಾಗದ ಊರುಗಳ ಜನ ಹಳದಿ ಅಂಗಿ ತೊಟ್ಟು ಬೀದಿಗಿಳಿದರು. ಮುಂದಿನ ವರ್ಷದ ತೆರಿಗೆ ಏರಿಕೆಯನ್ನು ಸರ್ಕಾರ ಕೈಬಿಟ್ಟಿತು.

ಭಾರತವೂ 2010ರಲ್ಲಿ ಕಲ್ಲಿದ್ದಲಿಗೆ ಟನ್ನಿಗೆ 50 ರೂಪಾಯಿ ಸೆಸ್ ವಿಧಿಸಿ, 2016ರಲ್ಲಿ 400ಕ್ಕೆ ಏರಿಸಿತ್ತು. 2017ರಿಂದ ಆ ಹಣ ಶುದ್ಧ ಇಂಧನದ ನಿಧಿಯ ಬದಲು ಜಿಎಸ್‌ಟಿಯಿಂದ ರಾಜ್ಯಗಳಿಗಾದ ಆದಾಯ ನಷ್ಟದ ಪರಿಹಾರಕ್ಕೆ ಹೋಯಿತು. ಗಣಿ ಪ್ರದೇಶಗಳ ಬಡವರಿಗೆ ಅದರಲ್ಲಿ ನೇರ ಪಾಲು ಸಿಗಬೇಕಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ.