ಆ ಎರಡು ರಾತ್ರಿಗಳ ಸಂಗತಿಯನ್ನು ಅರಿವಳಿಕೆ ತಜ್ಞರಿಗೆ ತಿಳಿಸಿ

ಎಪ್ಪತ್ತೆರಡು ವರ್ಷದ ನಿಮ್ಮ ತಂದೆಯವರಿಗೆ ಇನ್ನು ಮೂರು ವಾರಗಳಲ್ಲಿ ಸೊಂಟದ ಕೀಲಿನ ಶಸ್ತ್ರಚಿಕಿತ್ಸೆ. ತಪಾಸಣೆಯ ದಿನ ವೈದ್ಯರು "ಕುಡಿಯುವ ಅಭ್ಯಾಸವೇನೂ ಇಲ್ಲ ತಾನೆ?" ಎಂದಾಗ ಅವರು ಇಲ್ಲವೆಂದು ತಲೆಯಾಡಿಸಿದರು, ಪ್ರತಿ ರಾತ್ರಿಯ ಮೂರು ಪೆಗ್‌ಗಳನ್ನು ಬಲ್ಲ ನೀವು ಬಾಯಿ ತೆರೆಯುವಷ್ಟರಲ್ಲಿ ತಾಯಿ ನಿಮ್ಮ ಕೈ ಅದುಮಿದರು. ಹೇಳಿ ಅಪ್ಪನ ಮಾನ ಕಳೆಯಲೇ ಎಂದು ಕೇಳಿದ್ದೀರಿ.

ಸಹೋದರಿ, ಪತ್ರದ ಕೊನೆಯಲ್ಲಿ ನೀವು ಹಗುರವಾಗಿ ಬರೆದ ಒಂದು ಸಾಲು ನನ್ನ ನಿದ್ದೆ ಕೆಡಿಸಿತು. ಕಳೆದ ವರ್ಷ ಜ್ವರದಿಂದ ಕುಡಿಯದೆ ಮಲಗಿದ್ದಾಗ ಲೋಟ ಹಿಡಿಯಲಾಗದಷ್ಟು ಅವರ ಕೈ ನಡುಗಿತು, ಎರಡನೆಯ ರಾತ್ರಿ ಗೋಡೆಯ ಮೇಲೆ ಹುಳು ಹರಿಯುತ್ತಿದೆಯೆಂದು ಕೂಗಿದರು. ನೀವು ಅದನ್ನು ಜ್ವರದ ಲೆಕ್ಕಕ್ಕೆ ಬರೆದಿದ್ದೀರಿ. ಮದ್ಯ ನಿಂತಾಗ ದೇಹ ತೋರುವ ಲಕ್ಷಣಗಳೂ ಇವೇ. ನಡುಕ ಕೆಲವೇ ಗಂಟೆಗಳಲ್ಲಿ ತೊಡಗುತ್ತದೆ, ಮೊದಲ 48 ಗಂಟೆಗಳೊಳಗೆ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೆಯ ದಿನದೊಳಗೆ ತೀವ್ರ ಸನ್ನಿ ಕಾಣಿಸಿಕೊಳ್ಳಬಹುದು. ಹೊಸ ಕೀಲು ಹಾಕಿಸಿಕೊಂಡು ಮಲಗಿದ ವೃದ್ಧರಿಗೆ ಇದು ಪ್ರಾಣಾಪಾಯ. ವಯಸ್ಸಾದಂತೆ ದೇಹದ ನೀರಿನಂಶ ತಗ್ಗುವುದರಿಂದ ಅದೇ ಮೂರು ಪೆಗ್ ಹಿಂದಿಗಿಂತ ಹೆಚ್ಚು ಏರುತ್ತದೆ. ರಕ್ತಸ್ರಾವ, ಗಾಯದ ಸೋಂಕುಗಳ ಸಾಧ್ಯತೆಯೂ ಕುಡಿಯುವವರಲ್ಲಿ ಹೆಚ್ಚು.

ತಾಯಿಯ ಮೇಲೆ ನನಗೆ ಸಿಟ್ಟಿಲ್ಲ, ಅವರು ಇಷ್ಟು ವರ್ಷ ಮುಚ್ಚಿಟ್ಟೇ ಸಂಸಾರ ನಡೆಸಿದವರು. ಸಿಟ್ಟಿರುವುದು "ಇವತ್ತೇ ಬಾಟಲಿಗೆ ಬೀಗ ಹಾಕಿದರಾಯಿತು" ಎಂದ ನಿಮ್ಮ ಅಣ್ಣನ ಮೇಲೆ. ಶಸ್ತ್ರಚಿಕಿತ್ಸೆಗೆ ಕೆಲವು ವಾರ ಮೊದಲೇ ಬಿಡುವುದು ಒಳ್ಳೆಯದು ನಿಜ, ಆದರೆ ಹೀಗೆ ನಡುಗಿದವರು ಮನೆಯಲ್ಲಿ ಏಕಾಏಕಿ ನಿಲ್ಲಿಸಬಾರದು; ವೈದ್ಯರ ನಿಗಾದಲ್ಲಿ, ಔಷಧಿಯ ಆಸರೆಯಲ್ಲಿ, ಥಯಮಿನ್ (ಬಿ1 ಜೀವಸತ್ವ) ಪಡೆಯುತ್ತಾ ಬಿಡಬೇಕು.

ಹಿಂದೆಯೂ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ: "ಇಲ್ಲ ತಾನೆ" ಎಂದು ಕೇಳಿದರೆ ಬರುವ ಉತ್ತರ "ಇಲ್ಲ" ಎಂದೇ. ಕುಡಿತದ ಅಭ್ಯಾಸ ಅಳೆಯುವ ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ ಪಟ್ಟಿಯಲ್ಲಿ ಮೊದಲ ಮೂರು ಕೇಳುವುದು ಎಷ್ಟು ಸಲ, ಒಂದು ದಿನಕ್ಕೆ ಎಷ್ಟು, ಒಮ್ಮೆಗೇ ಅತಿಯಾಗಿ ಕುಡಿಯುವುದು ಎಷ್ಟು ಬಾರಿ ಎಂಬುದನ್ನು. ಅದನ್ನೂ ಹೆಂಡತಿ ಮಕ್ಕಳೆದುರು ಕೇಳದೆ, ಹಿರಿಯರನ್ನು ಒಬ್ಬರನ್ನೇ ಕೂರಿಸಿಕೊಂಡು ಕೇಳಬೇಕು.

ನೀವು ಮಾಡಬೇಕಾದದ್ದು ಒಂದೇ. ದಿನಕ್ಕೆ ಎಷ್ಟು, ಎಷ್ಟು ವರ್ಷಗಳಿಂದ, ಕೊನೆಯ ಸಲ ಕುಡಿದದ್ದು ಯಾವಾಗ, ಜ್ವರದ ಆ ಎರಡು ರಾತ್ರಿ ಏನಾಯಿತು ಎಂಬುದನ್ನು ಚೀಟಿಯಲ್ಲಿ ಬರೆದು ನಾಳೆಯೇ ಅರಿವಳಿಕೆ ತಜ್ಞರ ಕೈಗೆ ಕೊಟ್ಟು, ತಂದೆಯವರೊಡನೆ ಏಕಾಂತದಲ್ಲಿ ಮಾತನಾಡುವಂತೆ ಕೇಳಿಕೊಳ್ಳಿ. ಅಲ್ಲಿಯವರೆಗೆ ಬಾಟಲಿಗೆ ಯಾರೂ ಬೀಗ ಹಾಕುವುದು ಬೇಡ.